ಮನೆಯೋದು ಮತ್ತು ನುಡಿಗೋಷ್ಠಿ

ಮಗುವಿಗೆ ಅಕ್ಷರವನ್ನು ಕಲಿಸತಕ್ಕವರು ಯಾರು? ತಾಯಿತಂದೆಗಳೇ, ಗುರುವೇ, ಅಥವಾ ಸರಕಾರವೇ? ಪ್ರಶ್ನೆಯು ಹಳೆಯದು. ಆದರೆ ಇತ್ತೀಚಿನ ವರ್ಷಗಳಲ್ಲಿ ಅದು ಹೊಸ ರೂಪವನ್ನು ತಾಳಿ ಗೃಹಸ್ಥರ ಬಾಗಿಲಿಗೆ ಬಂದು ನಿಂತಿದೆ. ಬೆಂಗಳೂರಿನಂತಹ ನಗರಗಳಲ್ಲಿ ಕೆಲವರು ತಮ್ಮ ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುತ್ತಿದ್ದಾರೆ. ಅಂಕಗಳ ಮೇಲಾಟ, ಬೆನ್ನು ಬಾಗಿಸುವ ಪುಸ್ತಕದ ಹೊರೆ, ತುಂಬಿ ತುಳುಕುವ ತರಗತಿಯಲ್ಲಿ ತಮ್ಮ ಕೂಸಿನ ಮುಖವೇ ಉಪಾಧ್ಯಾಯರಿಗೆ ಕಾಣದೆ ಹೋಗುವುದು, ಇವೇ ಅವರು ಹೇಳುವ ಕಾರಣಗಳು. ಅವು ಸುಳ್ಳೆಂದು ತಳ್ಳಿಹಾಕತಕ್ಕವಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದು, 6ರಿಂದ 14 ವರುಷದ ಮಕ್ಕಳೆಲ್ಲರಿಗೂ ಉಚಿತ ಶಿಕ್ಷಣವನ್ನೀಯುವ ಹೊಣೆಯನ್ನು ಸರಕಾರದ ಮೇಲಿರಿಸಿದೆ. ಮಕ್ಕಳನ್ನು ನೆರೆಯ ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯವೆಂದೂ ಹೇಳಿದೆ. ಆದರೂ ಮನೆಯಲ್ಲಿ ಓದಿಸಿದವರಿಗೆ ಅದು ದಂಡನೆಯನ್ನು ವಿಧಿಸಿಲ್ಲ. 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆಯೆಂಬ ಹೆಸರಿನಿಂದ ಆರಂಭವಾದ ಸಂಸ್ಥೆಯು, ಶಾಲೆಯ ಹೊಸ್ತಿಲನ್ನು ತುಳಿಯದವರಿಗೂ ಪರೀಕ್ಷೆಗೆ ಕುಳಿತುಕೊಳ್ಳುವ ದಾರಿಯನ್ನು ತೆರೆದಿದೆ.

ಕಾಯಿದೆಯ ಮಾತು ಅಲ್ಲಿಗಿರಲಿ. ವಿಚಾರಿಸತಕ್ಕ ಧರ್ಮಸೂಕ್ಷ್ಮವು ಬೇರೆಯೇ ಇದೆ. ಗಣಿತವನ್ನು ಮನೆಯಲ್ಲಿ ಕಲಿಯಬಹುದು. ಲೆಕ್ಕವು ಸರಿಯೋ ತಪ್ಪೋ ಎಂಬುದನ್ನು ಉತ್ತರವೇ ಹೇಳುವುದು. ಭೂಗೋಳವನ್ನು ನಕ್ಷೆಯಿಂದ ತಿಳಿಯಬಹುದು. ಆದರೆ ಮಗುವು ತನ್ನ ಮನಸ್ಸಿನಲ್ಲಿ ಮೂಡಿದುದನ್ನು ನಾಲ್ಕು ವಾಕ್ಯಗಳಲ್ಲಿ ಬರೆದಾಗ, ಆ ಮಾತು ನಿಜವೋ ಹುಸಿಯೋ, ಅದು ಕೇಳುವವನ ಎದೆಯನ್ನು ಮುಟ್ಟಿತೋ ಇಲ್ಲವೋ ಎಂಬುದನ್ನು ಹೇಳುವವರಾರು? ತಾಯಿಗೆ ಮಗುವಿನ ತೊದಲೂ ಅರ್ಥವಾಗುವುದು. ಅದು ತಾಯ್ತನದ ಹಿರಿಮೆ. ಬರವಣಿಗೆಯ ಪಾಲಿಗೆ ಅದೇ ಕೊರತೆ. ಅರ್ಧ ಹೇಳಿದರೆ ಪೂರ್ಣ ತಿಳಿದುಕೊಳ್ಳುವವರ ಮುಂದೆ ಪೂರ್ಣವಾಗಿ ಹೇಳುವ ಅಭ್ಯಾಸವು ಹೇಗೆ ಬಂದೀತು? ತಂದೆಯು ಓದುಬರಹ ಬಲ್ಲವನಾದರೆ ತೊಡಕು ಇನ್ನೊಂದು ಬಗೆಯದು. ಅವನು ಮಗನ ವಾಕ್ಯವನ್ನು ತಿದ್ದುತ್ತಾನೆ, ಮತ್ತೊಮ್ಮೆ ತಿದ್ದುತ್ತಾನೆ. ಕೊನೆಗೆ ಕಾಗದದ ಮೇಲೆ ಉಳಿಯುವುದು ಮಗನ ಕೈಬರಹದಲ್ಲಿರುವ ತಂದೆಯ ಮಾತು. ಹಾಗಾದರೆ ಮಗುವಿನ ನುಡಿಯು ಯಾರ ಸೊತ್ತು?

ಈ ಪ್ರಶ್ನೆಯನ್ನು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ನಿಂತು ಕೇಳುವುದು ಉಚಿತವಾಗಿದೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ನೆಲಗಳಲ್ಲಿ ಇದೊಂದು. ಶೇಂಗಾ ಬೆಳೆ, ಕುರಿಮಂದೆ, ಕಂಬಳಿ, ರೇಷ್ಮೆ ಸೀರೆ ಇವುಗಳಿಂದ ಜೀವಿಸುವ ಈ ನಾಡನ್ನು ವಿದ್ಯೆಯಲ್ಲಿ ಹಿಂದುಳಿದುದೆಂದು ಹೊರಗಿನವರು ಹೇಳುವುದುಂಟು. ಆದರೆ ಕನ್ನಡನಾಡಿನಲ್ಲಿ ದೊರೆತಿರುವ ಅತಿ ಹಳೆಯ ಬರಹಗಳಲ್ಲಿ ಮೂರು ಈ ಮೊಳಕಾಲ್ಮೂರು ತಾಲೂಕಿನ ಬಂಡೆಗಳ ಮೇಲಿವೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬೆಡೆಗಳ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಕ್ರಿಸ್ತಪೂರ್ವ 3ನೆಯ ಶತಮಾನದ ಆ ಬರಹವು ಪ್ರಜೆಗಳಿಗೆ ಹೇಳುವುದೇನು? ತಾಯಿತಂದೆಗಳ ಮಾತನ್ನು ನಡೆಸಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಹಾಗೆಯೇ ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬುದು ಅದರ ತಾತ್ಪರ್ಯ. ಮನೆಯು ಮೊದಲು, ಗುರುವು ಅನಂತರ, ಇವೆರಡರ ನಡುವೆ ಸತ್ಯವಾಕ್ಯ. ಈ ಕ್ರಮವು ಆಕಸ್ಮಿಕವೇ ಆಗಿರಬಹುದು, ಆದರೂ ಚಿಂತನೀಯವಾಗಿದೆ. ಇನ್ನೊಂದು ಸ್ವಾರಸ್ಯವೂ ಅಲ್ಲಿದೆ. ದೊರೆಯ ಆಜ್ಞೆಯನ್ನು ಬರೆದು ಮುಗಿಸಿದ ಲಿಪಿಕಾರನು ಚಪಡನೆಂಬ ತನ್ನ ಹೆಸರನ್ನು ಕೊನೆಯಲ್ಲಿ ಸೇರಿಸಿ, ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠೀ ಲಿಪಿಯಲ್ಲಿ ಬರೆದನು. ಪರರ ಮಾತನ್ನು ಬರೆಯುವವನಿಗೂ ತನ್ನದೊಂದು ಗುರುತನ್ನು ಉಳಿಸಬೇಕೆನಿಸಿತಲ್ಲವೇ!

ಶಾಸನದ ಕಾಲದಿಂದ ಇತ್ತ ಬರೋಣ. ಸರಕಾರದ ಶಾಲೆಗಳು ಬರುವುದಕ್ಕೆ ಮುಂಚೆ ಈ ಸೀಮೆಯ ಮಕ್ಕಳು ಎಲ್ಲಿ ಓದುತ್ತಿದ್ದರು? ಐಗಳ ಮಠದಲ್ಲಿ, ಕೂಲಿಮಠದಲ್ಲಿ. ಊರಿನ ಗುಡಿಯ ಮೊಗಸಾಲೆಯೋ, ಯಾರಾದರೊಬ್ಬ ಗೃಹಸ್ಥನ ಜಗಲಿಯೋ ಶಾಲೆಯಾಗುತ್ತಿದ್ದಿತು. ಮೊಳಕಾಲ್ಮೂರಿಗೆ ಹೊಂದಿಕೊಂಡ ರಾಯದುರ್ಗವು ಅಂದು ಬಳ್ಳಾರಿ ಜಿಲ್ಲೆಗೆ ಸೇರಿದ್ದಿತು. ಆ ಜಿಲ್ಲೆಯ ಕಲೆಕ್ಟರರಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ಅವರು 1823ರ ಆಗಸ್ಟ್ ತಿಂಗಳಲ್ಲಿ ಮದರಾಸು ಸರಕಾರಕ್ಕೆ ಕಳುಹಿಸಿದ ವರದಿಯು ಇಂದಿಗೂ ಓದತಕ್ಕದ್ದು. ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಕನ್ನಡ ಶಾಲೆಗಳು 235, ತೆಲುಗು ಶಾಲೆಗಳು 226. ಲೆಕ್ಕ ಹಾಕಿದರೆ ಒಂದೊಂದು ಶಾಲೆಗೆ ಹನ್ನೆರಡು ಹದಿಮೂರು ಮಕ್ಕಳು ಮಾತ್ರ ಬರುವರು. ಐಗಳಿಗೆ ಪ್ರತಿಯೊಂದು ಮಗುವಿನ ಹೆಸರೂ, ಅದರ ಮನೆಯ ಒಲೆಯ ಸ್ಥಿತಿಯೂ ತಿಳಿದಿದ್ದುದರಲ್ಲಿ ಆಶ್ಚರ್ಯವೇನು?

ಅಲ್ಲಿನ ಬರವಣಿಗೆಯ ಕ್ರಮವೂ ಸರಳವಾಗಿದ್ದಿತು. ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದುವುದು. ಕೈ ಕುದುರಿದ ಬಳಿಕ ಓಲೆ ಮತ್ತು ಕಂಠ, ಇಲ್ಲವೆ ಕಡತ ಮತ್ತು ಬಳಪ. ಬಟ್ಟೆಗೆ ಇದ್ದಿಲು ಬೆರೆಸಿದ ಅಂಟನ್ನು ಬಳಿದು ಒಣಗಿಸಿ ಮಡಿಕೆ ಮಡಿಕೆಯಾಗಿ ಮಡಿಸಿದರೆ ಕಡತವಾಯಿತು. ಚಳ್ಳಕೆರೆಯ ಕಂಬಳಿಗೆ ಬಿರುಸು ಬರಲೆಂದು ಬಳಿಯುವ ಹುಣಸೆಬೀಜದ ಗಂಜಿಯೇ ಅನೇಕ ಕಡೆ ಕಡತದ ಅಂಟೂ ಆಗಿದ್ದಿತು. ಮುಂದೆ ಕಲಿತ ಮಗುವು ಹಿಂದಿನ ಮಗುವಿಗೆ ಹೇಳಿಕೊಡುತ್ತಿದ್ದ ಪದ್ಧತಿಯನ್ನು ಕ್ಯಾಂಪ್‌ಬೆಲ್ಲರು ಮನಸಾರ ಮೆಚ್ಚಿದರು. ಅವರಿಗೂ ಮುಂಚೆ ಆಂಡ್ರೂ ಬೆಲ್ ಎಂಬ ಪಾದ್ರಿಯು ಮದರಾಸಿನಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುತ್ತಿದ್ದುದನ್ನು ನೋಡಿ, ಆ ಕ್ರಮವನ್ನು ತನ್ನ ಅನಾಥಾಲಯದಲ್ಲಿ ಪ್ರಯೋಗಿಸಿ, 1797ರಲ್ಲಿ ಇಂಗ್ಲೆಂಡಿನಲ್ಲಿ ಪ್ರಚುರಪಡಿಸಿದ್ದರು. ಆದರೆ ಅಲ್ಲಿ ಆದುದೇನು? ಜಗಲಿಯ ಮೇಲಿನ ಹನ್ನೆರಡು ಮಕ್ಕಳ ಕ್ರಮವನ್ನು ಒಬ್ಬ ಉಪಾಧ್ಯಾಯನ ಕೈಕೆಳಗೆ ನೂರಾರು ಮಕ್ಕಳನ್ನು ಕೂರಿಸುವುದಕ್ಕೆ ಬಳಸಿದರು. ಕ್ರಮವು ಉಳಿಯಿತು, ಅದರ ಜೀವವು ಹೋಯಿತು. ಇಂದಿನ ಹೆತ್ತವರು ಯಾವ ಜನಜಂಗುಳಿಯನ್ನು ಕಂಡು ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಳ್ಳುವರೋ ಅದರ ವಂಶಾವಳಿಯಲ್ಲಿ ಇದೂ ಒಂದು ಕವಲು.

ಇಷ್ಟರಿಂದಲೇ ಐಗಳ ಮಠವು ಆದರ್ಶವೆಂದು ಹಾಡಿ ಹೊಗಳುವುದು ಸಲ್ಲದು. ಹಳೆಯದೆಲ್ಲವೂ ಹೊನ್ನಲ್ಲ. ಬೆಳಗಿನ ಆರು ಗಂಟೆಗೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ತಡವಾಗಿ ಬಂದವರ ಅಂಗೈಯಲ್ಲಿ ಬೆತ್ತದ ಬರೆ. ಅದರ ಮೇಲೆ ಕೋದಂಡ, ಬಸ್ಕಿ. ಲಿಂಗಾಯತ ಮಕ್ಕಳು ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವಪುರಾಣಗಳಂತಹ ಘನಗ್ರಂಥಗಳನ್ನೇ ಓದುತ್ತಿದ್ದರೆಂದು ಆ ವರದಿಯಿಂದ ತಿಳಿಯುತ್ತದೆ. ಆದರೆ ಓದಿದುದರ ಅರ್ಥವು ಓದಿದವರಿಗೆ ತಿಳಿಯುತ್ತಿರಲಿಲ್ಲವೆಂದೂ, ಗಿಣಿಪಾಠಕ್ಕೂ ಅದಕ್ಕೂ ಭೇದವಿರಲಿಲ್ಲವೆಂದೂ ಕ್ಯಾಂಪ್‌ಬೆಲ್ಲರು ನೊಂದು ಬರೆದಿದ್ದಾರೆ. ಇನ್ನು 6,641 ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳೆಷ್ಟು? ಕೇವಲ 60. ಅಕ್ಕ ಮಹಾದೇವಿಯನ್ನೂ ಸತ್ಯಕ್ಕನನ್ನೂ ನಿತ್ಯ ನೆನೆಯುವ ನಾಡಿನಲ್ಲಿ ಈ ಅಂಕಿಯು ತಲೆ ತಗ್ಗಿಸುವಂತಹದು. ಗುಂಪು ಕಿರಿದಾಗಿದ್ದ ಮಾತ್ರಕ್ಕೆ ಶಿಕ್ಷಣವು ಹಿರಿದಾಗಲಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹಾಗಾದರೆ ಕಿರಿಯ ಗುಂಪಿಗೆ ಹಿರಿಮೆ ಬರುವುದು ಯಾವುದರಿಂದ? ಕಲ್ಯಾಣದ ಶರಣರ ಗೋಷ್ಠಿಯ ಕಡೆಗೆ ನೋಡಬೇಕು. ಅಂಬಿಗರ ಚೌಡಯ್ಯನೂ, ಮಾದಾರ ಧೂಳಯ್ಯನೂ, ಆಯ್ದಕ್ಕಿ ಲಕ್ಕಮ್ಮನೂ ಯಾವ ಪಾಠಶಾಲೆಯ ಪದವಿಯನ್ನೂ ಹೊತ್ತು ಅಲ್ಲಿಗೆ ಬಂದವರಲ್ಲ. ಅವರು ತಂದುದು ತಮ್ಮ ಕಾಯಕದಲ್ಲಿ ಕಂಡುಂಡ ಅನುಭವವನ್ನು. ಆ ಅನುಭವವು ಮನೆಯಲ್ಲಿ, ಹೊಳೆಯ ದಡದಲ್ಲಿ, ಒಲೆಯ ಮುಂದೆ ಹುಟ್ಟಿದುದು ನಿಜ. ಆದರೆ ಅದು ವಚನವಾದುದು ಕೇಳುವವರ ಎದುರಿನಲ್ಲಿ. ಅಲ್ಲಿ ಪ್ರಶ್ನೆಯುಂಟು, ಮರುಪ್ರಶ್ನೆಯುಂಟು. ಕಲ್ಯಾಣಕ್ಕೆ ಬಂದ ಅಕ್ಕನನ್ನು ಅಲ್ಲಮಪ್ರಭುವು ಕಟುವಾಗಿಯೇ ಪ್ರಶ್ನಿಸಿದನೆಂದು ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಪ್ರಶ್ನಿಸಿದನೇ ಹೊರತು ಅವಳ ಪರವಾಗಿ ತಾನು ಮಾತನಾಡಲಿಲ್ಲ, ಅವಳ ಮಾತನ್ನು ತನ್ನ ಮಾತಿನಂತೆ ತಿದ್ದಲಿಲ್ಲ. ಅವನ ಅಂಕಿತ ಗುಹೇಶ್ವರ, ಅವಳದು ಚೆನ್ನಮಲ್ಲಿಕಾರ್ಜುನ. ಒಬ್ಬರ ಮುದ್ರಿಕೆಯನ್ನು ಇನ್ನೊಬ್ಬರು ಕಸಿಯಲಿಲ್ಲ.

ಲಕ್ಕಮ್ಮನ ಅಂಕಿತವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಮಾರಯ್ಯಪ್ರಿಯ ಅಮರೇಶ್ವರಲಿಂಗ ಎಂಬುದು ಅದು. ಅದರಲ್ಲಿ ಅವಳ ಪತಿಯ ಹೆಸರೇ ಇದೆ. ಆದರೂ ಆ ಅಂಕಿತದ ವಚನಗಳಲ್ಲಿ ಅವಳು ಅದೇ ಪತಿಗೆ, ಬೇಕಾದುದಕ್ಕಿಂತ ಹೆಚ್ಚಿನ ಅಕ್ಕಿಯನ್ನು ಆಯ್ದು ತಂದುದಕ್ಕಾಗಿ ಬುದ್ಧಿ ಹೇಳುತ್ತಾಳೆ. ಮನೆಯ ಹೆಸರನ್ನು ಹೊತ್ತೂ ಮನೆಯವರಿಗೆ ಅಧೀನವಾಗದ ನುಡಿ ಅದು. ಮಾರಯ್ಯನು ಅದನ್ನು ಕೇಳಿದನು, ಅಕ್ಕಿಯನ್ನು ಹಿಂದಕ್ಕೆ ಸುರಿದು ಬಂದನು. ಮನೆಯಲ್ಲಿ ಓದುವ ಮಗುವಿನ ಬರಹಕ್ಕೂ ಇಂತಹ ಸ್ವಾತಂತ್ರ್ಯವು ಬೇಕೆಂದರೆ, ಅದು ಮನೆಯಾಚೆಗಿನ ನಾಲ್ಕಾರು ಕಿವಿಗಳಿಗೆ ಬೀಳಲೇಬೇಕು. ಮನೆಯು ಅನುಭವವನ್ನು ಕೊಟ್ಟೀತು. ನುಡಿಗೆ ಹೊಣೆ ಹೊರುವುದನ್ನು ಗೋಷ್ಠಿಯೇ ಕಲಿಸಬೇಕು.

ಶಾಲೆಯಿಲ್ಲದೆ ಸಾಹಿತ್ಯವನ್ನು ಗಳಿಸಿದವರು ಈ ಸೀಮೆಯಲ್ಲಿಯೇ ಇದ್ದರು. ಚಳ್ಳಕೆರೆ ತಾಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಅಕ್ಷರವು ಬಾರದು. ಆದರೆ ಅವಳ ನೆನಪಿನಲ್ಲಿದ್ದ ಹಾಡುಗಳು ಸಾವಿರಗಟ್ಟಲೆ. ಕೃಷ್ಣಮೂರ್ತಿ ಹನೂರರು ಅವಳಲ್ಲಿಗೆ ಹೋಗಿ ಅವುಗಳನ್ನು ಬರೆದುಕೊಂಡುದರಿಂದ ಆ ಸಂಪತ್ತು ಲೋಕಕ್ಕೆ ತಿಳಿಯಿತು. ಹಟ್ಟಿಯ ಹೆಂಗಸರು ಕೂಡಿ ಹಾಡುವಾಗ ಒಬ್ಬಳು ಸೊಲ್ಲನ್ನು ಎತ್ತುವಳು, ಉಳಿದವರು ಹಿಡಿಯುವರು. ಒಬ್ಬಳು ಮರೆತರೆ ಇನ್ನೊಬ್ಬಳು ನೆನಪಿಸುವಳು. ಹಾಡು ಕಲಿಯುವ ದಾರಿಯೇ ಅದು. ಇದಕ್ಕಿಂತ ಉತ್ತಮವಾದ ಸಾಹಿತ್ಯಗೋಷ್ಠಿಯ ಮಾದರಿಯನ್ನು ಯಾವ ನಗರದಿಂದ ತರಿಸಬೇಕು?

ಅಕ್ಷರಸ್ಥರ ಮಾದರಿಯೂ ಇಲ್ಲಿಯದೇ ಉಂಟು. ಚಳ್ಳಕೆರೆ ತಾಲೂಕಿನ ತಳುಕಿನವರಾದ ಟಿ. ಎಸ್. ವೆಂಕಣ್ಣಯ್ಯನವರು (1885–1939) ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರು. ಹರಿಹರನ ಬಸವರಾಜದೇವರ ರಗಳೆಯನ್ನು ಸಂಪಾದಿಸಿ ಶರಣಸಾಹಿತ್ಯಕ್ಕೂ ಅವರು ಉಪಕರಿಸಿದರು. 1927ರಲ್ಲಿ ಕನ್ನಡ ಎಂ. ಎ. ತರಗತಿಯು ಆರಂಭವಾದಾಗ ಅವರ ಮುಂದೆ ಕುಳಿತವರು ಬೆರಳೆಣಿಕೆಯ ವಿದ್ಯಾರ್ಥಿಗಳು. ಕುವೆಂಪು ಮತ್ತು ಡಿ. ಎಲ್. ನರಸಿಂಹಾಚಾರ್ಯರು ಅವರಲ್ಲಿದ್ದರು. ವೆಂಕಣ್ಣಯ್ಯನವರು ಸ್ವತಃ ಬರೆದುದು ಹೆಚ್ಚಿಲ್ಲ. ಕೇಳುವುದರಲ್ಲಿ, ಕೇಳಿ ಹುರಿದುಂಬಿಸುವುದರಲ್ಲಿ ಅವರ ಆಯುಷ್ಯವು ಸವೆಯಿತು. ಅವರು ತೀರಿಕೊಂಡು ಹತ್ತು ವರುಷಗಳ ಬಳಿಕ ಪ್ರಕಟವಾದ ಶ್ರೀ ರಾಮಾಯಣ ದರ್ಶನಂ ಮಹಾಕಾವ್ಯವನ್ನು ಶಿಷ್ಯರು ಅವರಿಗೇ ಅರ್ಪಿಸಿದರು. ಕಾವ್ಯವು ಶಿಷ್ಯನದು, ಗುರುವಿನ ಹೆಸರಿರುವುದು ಅರ್ಪಣೆಯಲ್ಲಿ. ಬರವಣಿಗೆಯನ್ನು ಕಲಿಸುವವನ ಸ್ಥಾನವು ಎಲ್ಲಿರಬೇಕೆಂಬುದನ್ನು ಇಷ್ಟು ಚೆನ್ನಾಗಿ ತೋರಿಸುವ ಬೇರೆ ನಿದರ್ಶನವು ಸಿಗುವುದು ಕಷ್ಟ.

ಈಗ ಕೆಲಸದ ಮಾತಿಗೆ ಬರಬಹುದು. ಮನೆಯಲ್ಲಿ ಓದುವ ಮಕ್ಕಳಿಗಾಗಿ ವಾರಕ್ಕೆ ಎರಡು ದಿನ ಇಂತಹ ಗೋಷ್ಠಿಯನ್ನು ನಡೆಸುವುದಕ್ಕೆ ಬೇಕಾದುದು ಅಲ್ಪವೇ. ಐದರಿಂದ ಎಂಟು ಮಕ್ಕಳು ಸಾಕು. ಅದಕ್ಕಿಂತ ಹೆಚ್ಚಾದರೆ ಒಬ್ಬೊಬ್ಬರ ಬರಹವನ್ನೂ ಕೇಳುವ ಹೊತ್ತು ಉಳಿಯದು. ಕುಳಿತುಕೊಳ್ಳಲು ಒಂದು ಜಗಲಿ. ಮೊಳಕಾಲ್ಮೂರಿನ ನೇಕಾರನ ಮಗಳು ಕುಣಿಮಗ್ಗದಲ್ಲಿ ಅಂಚಿನ ಬಣ್ಣವೂ ಒಡಲಿನ ಬಣ್ಣವೂ ಕೂಡುವ ಎಡೆಯಲ್ಲಿ ಲಾಳಿಯು ಹೇಗೆ ಆಡುತ್ತದೆಂಬುದನ್ನು ಬರೆಯಲಿ. ಮಗ್ಗವನ್ನು ಕಾಣದ ಹುಡುಗನಿಗೆ ಅದು ಅರ್ಥವಾಗದಿದ್ದರೆ ಅವನು ಕೇಳುತ್ತಾನೆ, ಅವಳು ಮತ್ತೆ ಬರೆಯುತ್ತಾಳೆ. ತಂದೆಯ ಮುಂದೆ ಅದನ್ನು ಬರೆಯುವ ಪ್ರಮೇಯವೇ ಇಲ್ಲ. ಅವನಿಗೆ ಎಲ್ಲವೂ ಗೊತ್ತು. ಅರಿಯದವನಿಗೆ ಅರಿವಾಗುವಂತೆ ಹೇಳಬೇಕಾದಾಗಲೇ ವಾಕ್ಯವು ನೇರವಾಗುವುದು. ಬಳಿಕ ಒಂದು ವಚನವನ್ನೋ, ಒಂದು ಕಥೆಯನ್ನೋ ಎಲ್ಲರೂ ಓದಿ, ಅದರಲ್ಲಿ ತಿಳಿಯದ ಮಾತನ್ನು ತಿಳಿಯಲಿಲ್ಲವೆಂದು ಧೈರ್ಯವಾಗಿ ಹೇಳಲಿ. ಕೂಲಿಮಠದ ಗಿಣಿಪಾಠಕ್ಕೆ ಇದೊಂದೇ ಮದ್ದು.

ಇದು ಕೇವಲ ಕಲ್ಪನೆಯಲ್ಲ. ಕೊರೊನಾ ಬೇನೆಯಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ ಕರ್ನಾಟಕ ಸರಕಾರವು ವಿದ್ಯಾಗಮವೆಂಬ ಯೋಜನೆಯನ್ನು ಕೈಗೊಂಡಾಗ, ಉಪಾಧ್ಯಾಯರೇ ಊರೂರಿಗೆ ಹೋಗಿ ಗುಡಿಯ ಕಟ್ಟೆ, ಮರದ ನೆರಳು, ಮನೆಯ ಪಡಸಾಲೆಗಳಲ್ಲಿ ಮಕ್ಕಳನ್ನು ಸಣ್ಣ ಸಣ್ಣ ಗುಂಪುಗಳಾಗಿ ಕೂರಿಸಿ ಪಾಠ ಹೇಳಿದರು. ವಠಾರಶಾಲೆಯೆಂದು ಜನ ಅದನ್ನು ಕರೆದರು. ಬೇನೆಯು ಹರಡುವ ಭೀತಿಯಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿ, 2021ರ ಜನವರಿಯಲ್ಲಿ ಬೇರೆ ರೂಪದಲ್ಲಿ ಮುಂದುವರಿಸಬೇಕಾಯಿತು. ನೂರಾರು ವರ್ಷಗಳ ಹಿಂದಿನ ಜಗಲಿಯು ಸಂಕಟಕಾಲದಲ್ಲಿ ಮತ್ತೆ ಶಾಲೆಯಾಯಿತೆಂಬುದು ಮರೆಯತಕ್ಕದ್ದಲ್ಲ.

ಆದರೆ ಇಲ್ಲಿ ಒಂದು ಬಿರುಸಾದ ಪ್ರಶ್ನೆಯನ್ನು ಗೃಹಸ್ಥರು ತಮ್ಮಲ್ಲಿಯೇ ಕೇಳಿಕೊಳ್ಳಬೇಕು. ಮಗುವನ್ನು ಮನೆಯಲ್ಲಿರಿಸಿಕೊಂಡುದು ಅದಕ್ಕೆ ಒಳ್ಳೆಯ ಓದು ಸಿಗಲೆಂದೋ, ಅಥವಾ ಅದು ಯಾರ ಪಕ್ಕದಲ್ಲಿಯೂ ಕುಳಿತುಕೊಳ್ಳದಿರಲೆಂದೋ? ಓದಿದ ಅನುಕೂಲಸ್ಥರು ತಮ್ಮ ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರೆ ಅದಕ್ಕೆ ಮನೆಯೋದು ಎಂಬ ಗೌರವದ ಹೆಸರು. ಮಳೆಯಿಲ್ಲದ ವರ್ಷದಲ್ಲಿ ಕುರಿಮಂದೆಯೊಡನೆ ಗುಳೆ ಹೋದ ಕುಟುಂಬದ ಮಗುವೂ ಶಾಲೆಯ ಹೊರಗೇ ಇದೆ. ಅದಕ್ಕೆ ಮಾತ್ರ ಶಾಲೆ ಬಿಟ್ಟ ಮಗುವೆಂಬ ಹೆಸರು. ಇಬ್ಬರಿಗೂ ಬೇಕಾಗಿರುವುದು ಒಂದೇ ಗೋಷ್ಠಿ. ಒಬ್ಬನಿಗೆ ಪುಸ್ತಕವುಂಟು, ಕಂಡ ಲೋಕವು ಕಿರಿದು. ಇನ್ನೊಬ್ಬನು ನೂರು ಹರದಾರಿಯ ಹಾದಿಯನ್ನೂ, ಹೊಲದಲ್ಲಿ ಮಂದೆ ನಿಲ್ಲಿಸಿದ ಇರುಳುಗಳನ್ನೂ, ತೋಳವು ಬಂದ ಜಾವವನ್ನೂ ಬಲ್ಲನು, ಪುಸ್ತಕವಿಲ್ಲ. ಇವರಿಬ್ಬರನ್ನು ಬೇರೆ ಬೇರೆ ಜಗಲಿಗಳಲ್ಲಿ ಕೂರಿಸಿದರೆ ಇಬ್ಬರ ಬರವಣಿಗೆಯೂ ಬಡವಾಗುವುದು. ಕಲ್ಯಾಣದಲ್ಲಿ ದೊರೆಯ ಭಂಡಾರಿಯೂ ಅಂಬಿಗನೂ ಒಂದೆಡೆ ಕುಳಿತುದನ್ನು ಪುರಾಣದಲ್ಲಿ ಕೇಳಿ ತಲೆದೂಗುವವರು, ಹಟ್ಟಿಯ ಹುಡುಗಿಯು ತಮ್ಮ ಮಗಳ ಪಕ್ಕದಲ್ಲಿ ಕುಳಿತು ಓದುವುದಕ್ಕೆ ಒಪ್ಪುವರೇ? ಒಪ್ಪದಿದ್ದರೆ ಅವರು ಕಟ್ಟುತ್ತಿರುವುದು ಬೇಲಿ. ಅದಕ್ಕೆ ವಿದ್ಯೆಯ ಹೆಸರನ್ನಿಡುವುದು ಬೇಡ.

ಭಾಷೆಯ ಮಾತೊಂದು ಉಳಿಯಿತು. ಈ ಗಡಿಸೀಮೆಯ ಅನೇಕ ಮನೆಗಳಲ್ಲಿ ಮಾತು ತೆಲುಗು, ಓದು ಕನ್ನಡ. ಕ್ಯಾಂಪ್‌ಬೆಲ್ಲರ ಅಂಕಿಗಳಲ್ಲಿಯೂ ಎರಡು ಭಾಷೆಗಳ ಶಾಲೆಗಳು ಹೆಚ್ಚುಕಡಿಮೆ ಸಮಸಮವಾಗಿದ್ದುವಷ್ಟೆ. ಅಂತಹ ಮನೆಯ ಮಗುವು ಮನೆಯಲ್ಲಿಯೇ ಓದಿದರೆ ಅದಕ್ಕೆ ಕನ್ನಡವು ಪುಸ್ತಕದ ಮಾತಾಗಿಯೇ ಉಳಿಯುವ ಸಂಭವವುಂಟು. ಇನ್ನೊಂದೆಡೆ, ಹಟ್ಟಿಯ ಕನ್ನಡವನ್ನು ಬರೆದ ಮಗುವಿಗೆ ಗ್ರಂಥದ ಕನ್ನಡವನ್ನು ಬರೆಯೆಂದು ಗದರಿಸುವ ಹಿರಿಯರೂ ಉಂಟು. ಅಂಬಿಗನು ದೋಣಿಯ ಮಾತಿನಲ್ಲಿ, ಮಡಿವಾಳನು ಮಡಿಯ ಮಾತಿನಲ್ಲಿ ನುಡಿದುದನ್ನು ಶರಣರ ಗೋಷ್ಠಿಯು ಒಪ್ಪಿಕೊಂಡಿತು. ಗ್ರಂಥದ ಕನ್ನಡವು ಬೇಡವೆಂದಲ್ಲ. ಪರೀಕ್ಷೆಗೆ ಅದು ಬೇಕು, ಹಳೆಯ ಕಾವ್ಯವನ್ನು ಓದುವುದಕ್ಕೂ ಬೇಕು. ಆದರೆ ಮೊದಲ ಬರಹವು ಬಾಯಿಂದ ಬಂದ ಮಾತಿನಲ್ಲಿಯೇ ಇರಲಿ, ತಿದ್ದುಪಡಿಯು ಎರಡನೆಯ ಓದಿಗೆ ಕಾಯಲಿ.

ಸ್ಥಳದ ಕೊರತೆಯಂತೂ ಇಲ್ಲ. ನಾಯಕನಹಟ್ಟಿಯಲ್ಲಿ ಕೆರೆಗಳನ್ನು ಕಟ್ಟಿಸಿದ ತಿಪ್ಪೇರುದ್ರಸ್ವಾಮಿಗಳ ಒಳಮಠ ಹೊರಮಠಗಳಿವೆ. ಊರೂರಿನಲ್ಲಿ ಗುಡಿಯ ಕಟ್ಟೆಗಳಿವೆ, ಹಳೆಯ ಮನೆಗಳ ಜಗಲಿಗಳಿವೆ. ಕಾಲವನ್ನು ಮಾತ್ರ ನಾಡಿನ ನಡೆಗೆ ಹೊಂದಿಸಿಕೊಳ್ಳಬೇಕು. ಶೇಂಗಾ ಕೀಳುವ ದಿನಗಳಲ್ಲಿ ಸಂಜೆಯ ಹೊತ್ತು, ಮದುವೆಯ ಸೀರೆಗಳ ಕೆಲಸವು ಬಿಗಿಯಾಗಿರುವಾಗ ವಾರಕ್ಕೊಂದೇ ದಿನ. ಕುರಿಗಳ ಹಿಂದೆ ಹೊರಟ ಮಗುವಿನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕದೆ, ಒಂದು ನೋಟುಪುಸ್ತಕವನ್ನೂ ಎರಡು ಪೆನ್ಸಿಲುಗಳನ್ನೂ ಕೊಟ್ಟು ಕಳುಹಿಸಬೇಕು. ಮಳೆ ಬಿದ್ದು ಮಂದೆಯು ಹಟ್ಟಿಗೆ ಮರಳಿದಾಗ, ಮೊದಲ ದಿನ ಓದುವ ಸರದಿ ಆ ಮಗುವಿನದು.